ಬೋಳು ಕಂಡರಾಗದ ಕದಿರಪ್ಪ

ಕೆಲವರಿಗೆ ಹಾವು ಕಂಡರಾಗುವುದಿಲ್ಲ, ಕೆಲವರಿಗೆ ಹಲ್ಲಿ, ಇನ್ನು ಕೆಲವರಿಗೆ ಹೆಂಡತಿಯ ಅಣ್ಣ. ವಕ್ಕಲೇರಿಯ ಕದಿರಪ್ಪನಿಗೆ ಬೋಳು ಕಂಡರಾಗುವುದಿಲ್ಲ. ಸುಣ್ಣ ಬಳಿದ ಖಾಲಿ ಗೋಡೆ, ಗೊಂಡೆಯಿಲ್ಲದ ಎತ್ತಿನ ಕೊಂಬು, ಒಗ್ಗರಣೆ ಬೀಳದ ಮಜ್ಜಿಗೆ, ಸ್ಟಿಕ್ಕರಿಲ್ಲದ ಹೆಲ್ಮೆಟ್ಟು, ಇವುಗಳಲ್ಲಿ ಯಾವುದು ಎದುರಾದರೂ ಆತ ಎರಡು ಹೆಜ್ಜೆ ಹಿಂದೆ ಸರಿದು, ಎಡಗಣ್ಣನ್ನು ಅರ್ಧ ಮುಚ್ಚಿ, ರೋಗಿಯ ನಾಲಿಗೆ ನೋಡಿದ ವೈದ್ಯನ ದನಿಯಲ್ಲಿ "ಬೋಳಾಗೈತಲ್ಲಾ" ಎನ್ನುತ್ತಾನೆ. ನನ್ನ ಮದುವೆಯ ಕರೆಯೋಲೆ ಕೈಗಿಟ್ಟಾಗಲೂ ಅದನ್ನೇ ಅಂದ. ಧಾರೆಯ ಮಂಟಪಕ್ಕೆ ಬಂದು ನನ್ನ ಮುಖ ನೋಡಿಯೂ ಅದನ್ನೇ ಅಂದ. ಮರುವಾರದಿಂದ ನಾನು ಮೀಸೆ ಬಿಟ್ಟೆ. ಇಪ್ಪತ್ತೈದು ವರ್ಷ ದಾಟಿತು, ಮೀಸೆ ಇನ್ನೂ ಇದೆ. ಕದಿರಪ್ಪನ ಕಣ್ಣಿಗೆ ಬಿದ್ದು ಏನೂ ಅಂಟಿಸಿಕೊಳ್ಳದೆ ಪಾರಾದ ವಸ್ತು ನಮ್ಮ ಕಡೆ ಕಡಿಮೆ.

ಇಂಥವನ ಕೈಗೆ ಸಾವಿರದ ಒಂಬೈನೂರ ತೊಂಬತ್ಮೂರರಲ್ಲಿ ಒಂದು ರಾಜದೂತ ಬೈಕು ಸಿಕ್ಕಿತು. ಅಚ್ಚ ಕಪ್ಪು, ಒಂದು ಗೆರೆಯಿಲ್ಲ, ಒಂದು ಚುಕ್ಕಿಯಿಲ್ಲ. ಮಾರಿದವರು ಅದನ್ನು ಓಡಿಸುವ ಯಂತ್ರವೆಂದು ತಿಳಿದು ಮಾರಿದರು, ಕದಿರಪ್ಪ ಅದನ್ನು ಯಾರೂ ಬರೆಯದ ಸ್ಲೇಟೆಂದು ತಿಳಿದು ಕೊಂಡ.

ಬೈಕು ಬೇಕಾದದ್ದು ಕೆಲಸಕ್ಕೆ. ಆ ಕೆಲಸದ ವಿಷಯ ಸ್ವಲ್ಪ ನಾಜೂಕಿನದು, ಆದರೂ ಹೇಳದೆ ವಿಧಿಯಿಲ್ಲ. ಕದಿರಪ್ಪ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವವನು. ಊರವರ ಬಾಯಲ್ಲಿ ಸೂಜಿ ಕದಿರಪ್ಪ. ಹಸು ಬೆದೆಗೆ ಬಂತೆಂದರೆ ಆತನಿಗೆ ಕರೆ ಹೋಗಬೇಕು, ಅರ್ಧ ದಿನದೊಳಗೆ ಆತ ಬಂದಿಳಿಯಬೇಕು, ತಪ್ಪಿದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ಸೀಟಿನ ಹಿಂದೆ ನೈಟ್ರೋಜನ್ ತುಂಬಿದ ಕ್ಯಾನು. ಅದರೊಳಗೆ ಸುಪ್ರಸಿದ್ಧ ಹೋರಿಗಳ ವಂಶವೆಲ್ಲ ಹುಲ್ಲುಕಡ್ಡಿಯಷ್ಟು ಸಣ್ಣ ಕೊಳವೆಗಳಲ್ಲಿ ಹೆಪ್ಪುಗಟ್ಟಿ ಮಲಗಿರುತ್ತಿತ್ತು. ಕೊಟ್ಟಿಗೆಯ ಮುಂದೆ ನಿಂತು ಆತ ಮುಚ್ಚಳ ತೆಗೆದನೆಂದರೆ, ಪೌರಾಣಿಕ ನಾಟಕದಲ್ಲಿ ದೇವರು ಪ್ರತ್ಯಕ್ಷನಾಗುವಾಗ ಏಳುವಂಥ ಬಿಳಿಯ ಹೊಗೆ ಬುಸ್ಸೆಂದು ಏಳುತ್ತಿತ್ತು. ವಕ್ಕಲೇರಿಯ ಸುತ್ತ ಮೂವತ್ತು ಹಳ್ಳಿಗಳ ಹೋರಿಗಳನ್ನು ಏಕಕಾಲಕ್ಕೆ ನಿರುದ್ಯೋಗಿಗಳನ್ನಾಗಿ ಮಾಡಿದ ಕೀರ್ತಿ ಈ ಒಬ್ಬನಿಗೇ ಸಲ್ಲಬೇಕು.

ಆತನ ಹೆಂಡತಿ ಭಾರತಮ್ಮನಿಗೆ ಮಾತ್ರ ಈ ಕೀರ್ತಿಯ ಬಗ್ಗೆ ಬೇರೆ ಅಭಿಪ್ರಾಯವಿತ್ತು. "ಲೋಕದ ಹಸುಗಳಿಗೆಲ್ಲ ಟೈಮಿಗೆ ಸರಿಯಾಗಿ ಹೋಗ್ತೀಯ. ಊಟಕ್ಕೆ ಬಾ ಅಂದ್ರೆ ಗಾಡಿ ಒರೆಸ್ತಾ ಕೂತಿರ್ತೀಯ" ಎನ್ನುತ್ತಿದ್ದಳು. ಮಾತು ಸುಳ್ಳಾಗಿರಲಿಲ್ಲ. ಕೋಟಿನ ಮೇಲುಜೇಬಿನಲ್ಲಿ, ಬೇರೆಯವರು ಪೆನ್ನು ಸಿಕ್ಕಿಸುವ ಕಡೆ, ಆತ ಒಂದು ಹಳದಿ ಬಟ್ಟೆ ಇಟ್ಟುಕೊಂಡಿರುತ್ತಿದ್ದ. ಎದುರಿಗೆ ಯಾರು ಸಿಕ್ಕರೂ ಮೊದಲು ಬಟ್ಟೆ ಹೊರಗೆ ಬಂದು ಕನ್ನಡಿ ಒರೆಸಬೇಕು, ಆಮೇಲೆ ನಮಸ್ಕಾರ. ಆ ಕೋಟೂ ಕಡಿಮೆಯದಲ್ಲ. ಕಂದು ಬಣ್ಣದ್ದು, ಕೋಲಾರದ ಏಪ್ರಿಲ್ ತಿಂಗಳಲ್ಲೂ ಮೈಬಿಟ್ಟು ಇಳಿಯದ್ದು. ಅದರ ಪ್ಲಾಸ್ಟಿಕ್ ಗುಂಡಿ ಒಂದೊಂದು ಬಿದ್ದಾಗಲೂ ಆ ಜಾಗಕ್ಕೆ ಒಂದೊಂದು ನಿಕ್ಕಲ್ ಗುಂಡಿ ಬಂದು ಕೂತು, ಕೊನೆಗೆ ಆತ ಬಿಸಿಲಲ್ಲಿ ನಿಂತರೆ ಎದುರಿಗಿದ್ದವರು ಕಣ್ಣು ಕಿರಿದು ಮಾಡಿಕೊಂಡು ಮಾತಾಡಬೇಕಾಗಿತ್ತು. ಇನ್ನು ನಡಿಗೆ. ಬೈಕಿನ ಎರಡೂ ಬದಿಗೆ ಹಾಕಿಸಿದ್ದ ನಿಕ್ಕಲ್ ಗಾರ್ಡುಗಳು ಎಷ್ಟು ಅಗಲವೆಂದರೆ, ದಿನವೆಲ್ಲ ಅವುಗಳ ನಡುವೆ ಮೊಣಕಾಲು ಅಗಲಿಸಿ ಕೂತವನಿಗೆ, ಇಳಿದ ಮೇಲೂ ಕಾಲುಗಳ ನಡುವೆ ಬೈಕು ಇದ್ದೇ ಇರುತ್ತಿತ್ತು. ಭಾರತಮ್ಮನ ಮಗ್ಗುಲಲ್ಲಿ ಸಂತೆಗೆ ನಡೆದು ಹೊರಟರೆ, ಕಾಣದ ಗಾಡಿಯೊಂದನ್ನು ತಳ್ಳಿಕೊಂಡು ಹೋಗುತ್ತಿದ್ದಾನೆಯೋ ಎನ್ನಿಸುತ್ತಿತ್ತು.

ಹಳೆಯ ಕವಿಗಳು ನಾಯಕಿಯನ್ನು ಮುಡಿಯಿಂದ ಅಡಿಯವರೆಗೆ ವರ್ಣಿಸುತ್ತಿದ್ದರು. ನಾನು ಕಾಲೇಜಿನಲ್ಲಿ ಅಂಥ ಪದ್ಯಗಳನ್ನು ಪಾಠ ಹೇಳಿ ಹೊಟ್ಟೆ ಹೊರೆದವನಾದ್ದರಿಂದ ಆ ರಾಜದೂತನನ್ನೂ ಹಾಗೆಯೇ ವರ್ಣಿಸಬೇಕಾಗಿದೆ. ಮುಂದಿನ ಮಡ್‌ಗಾರ್ಡಿನ ನೆತ್ತಿಯಲ್ಲಿ ರೆಕ್ಕೆ ಬಿಚ್ಚಿದ ನಿಕ್ಕಲ್ ಗರುಡ. ಹ್ಯಾಂಡಲ್ಲಿನ ಮೇಲೆ ಏಳು ಕನ್ನಡಿಗಳು. ಹಿಂದೆ ಕೂತವನಿಗೆ ದಾರಿ ಕಾಣುತ್ತಿರಲಿಲ್ಲ, ತನ್ನ ಮುಖವೇ ಏಳು ಕಡೆ ಕಾಣುತ್ತಿತ್ತು. ಕೋಲಾರಕ್ಕೆ ನಾನು ವಾರಕ್ಕೆ ಎರಡು ಸಲ ಅದರಲ್ಲಿ ಹೋಗುತ್ತಿದ್ದೆನಾಗಿ ನನ್ನ ಯೌವನ ಹೋದದ್ದು ನನಗೆ ಏಳು ಪಟ್ಟು ಸ್ಪಷ್ಟವಾಗಿ ಗೊತ್ತಿದೆ. ಹಿಡಿಗಳ ತುದಿಯಲ್ಲಿ ಬಣ್ಣಬಣ್ಣದ ಗೊಂಡೆ, ಟ್ಯಾಂಕಿನ ಎರಡು ಕೆನ್ನೆಗೂ ಒಂದೊಂದು ನವಿಲು, ಚಕ್ರದ ಕಡ್ಡಿಗಳಿಗೆ ಪೋಣಿಸಿದ ಮಣಿಗಳು, ಭಾರತಮ್ಮನ ಸೀರೆ ಸಿಕ್ಕದಿರಲೆಂದು ಹೂಬಳ್ಳಿಯ ಆಕಾರಕ್ಕೆ ಬಾಗಿಸಿದ ಸರಳುಗಳ ಜಾಲರಿ, ಹೊಗೆ ಕೊಳವೆಗೆ ಮೀನಿನ ಬಾಲ, ನೈಟ್ರೋಜನ್ ಕ್ಯಾನಿನ ಹೊಟ್ಟೆಯ ಮೇಲೆ ಗಂಭೀರನಾಗಿ ಕೂತ ಒಬ್ಬ ನಂದಿ. ಇಷ್ಟನ್ನೂ ಹೊತ್ತ ಆ ಬೈಕು ಹಳ್ಳಿಯ ತಿರುವಿನಲ್ಲಿ ಕಾಣಿಸುವ ಮೊದಲೇ ಮಣಿಗಳ ಝಲ್ಲೆನ್ನುವ ಸದ್ದು ಕೇಳಿಸುತ್ತಿತ್ತು. ಹೆಂಗಸರು ಸದ್ದು ಕೇಳಿ ಹಸುವನ್ನು ಹೊರಗೆ ತಂದು ಕಟ್ಟುತ್ತಿದ್ದರು. ಹಸುಗಳೂ ಕಿವಿ ನಿಮಿರಿಸುತ್ತಿದ್ದವು ಎಂದು ಕದಿರಪ್ಪ ಹೇಳುತ್ತಾನೆ. ಅದರ ನಿಜವನ್ನು ಹಸುಗಳೇ ಹೇಳಬೇಕು.

ಒಂದು ಸಲ ಶ್ರೀನಿವಾಸಪುರದಲ್ಲಿ ಮಾವಿನಕಾಯಿಯ ಕಾಲ. ಟೀ ಅಂಗಡಿಯ ಮುಂದೆ ಬೈಕು ನಿಲ್ಲಿಸಿದ್ದೆವು. ಮದುವೆ ಮನೆಯವರಿಬ್ಬರು ಬಂದು ಅದರ ಸುತ್ತ ಮೂರು ಸುತ್ತು ಹಾಕಿ, ಮದುಮಗನ ಮೆರವಣಿಗೆಗೆ ಒಂದು ದಿನದ ಮಟ್ಟಿಗೆ ಕೊಡಿ ಎಂದು ಕೈಮುಗಿದರು. ಕದಿರಪ್ಪ ಬಹಳ ಹೊತ್ತು ಯೋಚಿಸಿ, ಟೀ ಮುಗಿಸಿ, ಲೋಟ ಇಟ್ಟು ಹೇಳಿದ: "ಬೇಡಪ್ಪ. ಇದರ ಮೇಲೆ ಕೂತ್ರೆ ಮದುವೆ ಗಂಡು ಬೋಳಾಗಿ ಕಾಣ್ತಾನೆ." ಅವರು ಆ ಮಾತಿನಲ್ಲಿ ಅಹಂಕಾರ ಹುಡುಕಿದರು, ಸಿಗಲಿಲ್ಲ. ಆತ ನಿಜವಾಗಿಯೂ ಆ ಹುಡುಗನ ಬಗ್ಗೆ ಮರುಕಪಟ್ಟಿದ್ದ.

ಇದಕ್ಕೆಲ್ಲ ಒಂದು ವ್ರತವಿತ್ತು. ಪ್ರತಿ ಆಯುಧಪೂಜೆಗೆ ಗಾಡಿಗೆ ಹೊಸದೊಂದು ಏನಾದರೂ ಸೇರಬೇಕು; ಸೇರಿದ್ದನ್ನು ತೆಗೆಯಬಾರದು. ಬಣ್ಣದ ಕೆಲಸವೆಲ್ಲ ಕೋಲಾರದ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿದ್ದ ವೇಣುಗೋಪಾಲನದು. ಟ್ರ್ಯಾಕ್ಟರುಗಳ ಮೇಲೆ ಕಮಲ, ಟೊಮೇಟೊ ಗಾಡಿಗಳ ಮೇಲೆ ಹುಲಿ ಬರೆಯುತ್ತಿದ್ದ ಈ ಕಲಾವಿದ ಲೋಕದಲ್ಲಿ ಯಾವುದಕ್ಕೂ ಅವಸರ ಮಾಡಿದವನಲ್ಲ. "ತೊಂದರ ವದ್ದಣ್ಣಾ, ಅವಸರ ಬೇಡ, ನವಿಲು ಕಣ್ಣು ಬಿಡಬೇಕಂದ್ರೆ ಅದಕ್ಕೂ ಟೈಮ್ ಬೇಕು" ಎಂದು ತನ್ನ ಅರ್ಧ ತೆಲುಗಿನಲ್ಲಿ ಹೇಳುತ್ತ ಒಂದು ರೆಕ್ಕೆಗೆ ಒಂದು ವಾರ ಮಾಡುತ್ತಿದ್ದ. ಕದಿರಪ್ಪನಿಗೆ ಅದೂ ಇಷ್ಟವೇ. ಆತ ಪಕ್ಕದ ಸ್ಟೂಲಿನ ಮೇಲೆ ಕೂತು, ಒಣಗದ ಬಣ್ಣದ ವಾಸನೆಯನ್ನು ಮಲ್ಲಿಗೆಯೋ ಎಂಬಂತೆ ಮೂಸುತ್ತ, ಇನ್ನೂ ಬೋಳಾಗಿ ಉಳಿದ ಜಾಗಗಳನ್ನು ಬೆರಳಿಟ್ಟು ತೋರಿಸುತ್ತಿದ್ದ.

ಆದರೆ ಸರ್ಕಾರಕ್ಕೆ ಬೋಳೇ ಇಷ್ಟ. ಬೈಕಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಅದನ್ನು ಆರ್‌ಟಿಒ ಆಫೀಸಿಗೆ ಒಯ್ದು ತೋರಿಸಿ ನೋಂದಣಿ ಮುಂದುವರಿಸಿಕೊಳ್ಳಬೇಕು. ಕಾಗದದಲ್ಲಿ ಕಪ್ಪು ಎಂದಿದ್ದರೆ ಗಾಡಿ ಕಪ್ಪಾಗಿರಬೇಕು, ಕಂಪನಿ ಕೊಟ್ಟದ್ದನ್ನು ಬಿಟ್ಟು ಮೈಮೇಲೆ ಏನೂ ಇರಬಾರದು. ಹೀಗಾಗಿ ಐದು ವರ್ಷಕ್ಕೊಮ್ಮೆ ಆ ರಾಜದೂತ ಮೂರು ಗಂಟೆಗಳ ಸಂನ್ಯಾಸ ಸ್ವೀಕರಿಸುತ್ತಿತ್ತು. ಗರುಡ, ಗಾರ್ಡು, ಕನ್ನಡಿ, ಗೊಂಡೆ, ಮಣಿ ಎಲ್ಲವೂ ಬಿಚ್ಚಿ ಗೋಣಿಚೀಲ ಸೇರುತ್ತಿದ್ದವು. ನವಿಲಿನ ಟ್ಯಾಂಕು ಇಳಿದು, ಹುತ್ತೂರಿನ ರಾಮಚಂದ್ರಪ್ಪನ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದ ಇನ್ನೊಂದು ರಾಜದೂತನ ಕಪ್ಪು ಟ್ಯಾಂಕು ಎರವಲಾಗಿ ಏರುತ್ತಿತ್ತು. ಚೌಕಟ್ಟಿನ ಮೇಲೆ ವೇಣುಗೋಪಾಲ ಒಂದು ಕೈ ಕಪ್ಪು ಬಣ್ಣ ಎಳೆಯುತ್ತಿದ್ದ. ಆಫೀಸಿನ ಗೇಟಿನಾಚೆ ಒಂದು ಹುಣಸೆಮರ. ಅದರ ಕೆಳಗೆ ಗೋಣಿಚೀಲದ ಕಾವಲು ನನ್ನದು. ಕದಿರಪ್ಪ ಒಳಗೆ ಅಧಿಕಾರಿಯ ಪಕ್ಕದಲ್ಲಿ ನಿಲ್ಲುತ್ತಿದ್ದ, ಆದರೆ ಮುಖವನ್ನು ಪೂರ್ತಿ ಬೇರೆ ಕಡೆ ತಿರುಗಿಸಿಕೊಂಡು. ಮೂವತ್ತು ಹಳ್ಳಿಯ ಹಸುಗಳಿಗೆ ಸೂಜಿ ಹಾಕುವ ಈ ಧೀರ, ತನ್ನ ಮಗುವಿಗೆ ಸೂಜಿ ಚುಚ್ಚುವುದನ್ನು ನೋಡಲಾರದ ತಂದೆಯಂತೆ ಗೋಡೆಯ ಕ್ಯಾಲೆಂಡರನ್ನು ಓದುತ್ತಿದ್ದನಂತೆ. ಸಹಿ ಬಿದ್ದ ಮೇಲೆ ಹೊರಗೆ ಬಂದು ಮರದ ಕೆಳಗೇ ಮತ್ತೆ ಸರ್ವಾಲಂಕಾರ. ಎರಡು ಸಾವಿರದ ಎಂಟು, ಹದಿಮೂರು, ಹದಿನೆಂಟು, ಮೂರು ಸಲವೂ ಹೀಗೆಯೇ ಸುಖವಾಗಿ ನಡೆಯಿತು.

ತಪ್ಪಾದದ್ದು ಕೊರೋನಾ ವರ್ಷದಲ್ಲಿ. ಹಸುಗಳಿಗೆ ಲಾಕ್‌ಡೌನ್ ಇರಲಿಲ್ಲವಾಗಿ ಬೆಳಗಿನ ಕೆಲಸ ನಡೆಯುತ್ತಿತ್ತು, ಆದರೆ ಬೆಂಗಳೂರಿನ ಜೆ.ಸಿ. ರೋಡಿನಿಂದ ಹೊಸ ಸಾಮಾನು ತರುವಂತಿರಲಿಲ್ಲ. ಮಧ್ಯಾಹ್ನಗಳು ಉದ್ದವಾಗಿದ್ದವು. ಹಚ್ಚಲು ಏನೂ ಇಲ್ಲದೆ ಕೂತ ಕದಿರಪ್ಪ ಮೊದಲ ಬಾರಿಗೆ ಬೈಕನ್ನು ಅಲಂಕಾರದ ಕಣ್ಣಿನಿಂದಲ್ಲದೆ ದೋಷದ ಕಣ್ಣಿನಿಂದ ನೋಡಿದ. ಎಲ್ಲೆಲ್ಲೂ ಗುಂಡಿಗಳು, ತಗ್ಗುಗಳು, ಗೀರುಗಳು. ಸಿಡುಬೆದ್ದ ಮುಖದಂತೆ ಕಂಡಿತಂತೆ. ತಗ್ಗು ತುಂಬಿಸುವ ಪುಟ್ಟಿಯ ಡಬ್ಬ ತೆಗೆದ. ಹಳೆಯ ಇಸ್ಪೀಟೆಲೆಯೊಂದರಲ್ಲಿ ಪುಟ್ಟಿಯನ್ನು ಮೆತ್ತಿ, ಸವರಿ, ಒಣಗಿಸಿ, ಉಜ್ಜಿ, ಒಂದು ತಿಂಗಳಲ್ಲಿ ಇಡೀ ಚೌಕಟ್ಟನ್ನು ಎಳೆಯ ಮಗುವಿನ ಕೆನ್ನೆಯಂತೆ ನುಣ್ಣಗೆ ಮಾಡಿದ. ಲಾಕ್‌ಡೌನ್ ತೆಗೆದ ದಿನವೇ ವೇಣುಗೋಪಾಲ ಅದರ ಮೇಲೆ ಚಿನ್ನದ ಬಣ್ಣ ಬಳಿದು ಮಲ್ಲಿಗೆ ಬಳ್ಳಿ ಬರೆದ. ಅಂಥ ಕೆಲಸ ಇಬ್ಬರೂ ಜನ್ಮದಲ್ಲಿ ಮಾಡಿರಲಿಲ್ಲ.

ಎರಡು ಸಾವಿರದ ಇಪ್ಪತ್ಮೂರರಲ್ಲಿ ನಾಲ್ಕನೆಯ ಸಂನ್ಯಾಸಕ್ಕೆ ಹೋದೆವು. ಈ ಸಲದ ಇನ್ಸ್‌ಪೆಕ್ಟರ್ ಶಿವಾನಿ ಎಂಬ ಹೆಣ್ಣುಮಗಳು. ಚಿಕ್ಕ ವಯಸ್ಸು, ಮೆಲುದನಿ, ಕೈಯಲ್ಲಿ ಪೆನ್ಸಿಲ್ಲು. ಇಂಜಿನ್ ನಂಬರ್ ನೋಡಿದಳು, ಸರಿಯಿತ್ತು. ಆಮೇಲೆ ಹ್ಯಾಂಡಲ್ಲಿನ ಕೆಳಗೆ ಚೌಕಟ್ಟಿನ ಕತ್ತಿನ ಭಾಗವನ್ನು ಒರೆಸಿ, ಬೆರಳಾಡಿಸಿ, ಕೇಳಿದಳು: "ಚಾಸಿ ನಂಬರ್ ಎಲ್ಲಿದೆ?"

"ಅಲ್ಲೇ ಎಲ್ಲೋ ಐತೆ ಮೇಡಂ" ಎಂದು ಕದಿರಪ್ಪ ಕ್ಯಾಲೆಂಡರಿಗೆ ಹೇಳಿದ.

ಅವಳು ಒಂದು ತೆಳು ಕಾಗದವನ್ನು ಕತ್ತಿನ ಬಲಕ್ಕಿಟ್ಟು ಪೆನ್ಸಿಲ್ಲಿನಿಂದ ಉಜ್ಜಿದಳು. ನಂಬರು ಕೆತ್ತಿದ್ದರೆ ಕಾಗದದ ಮೇಲೆ ಮೂಡಬೇಕು. ಎಡಕ್ಕಿಟ್ಟು ಉಜ್ಜಿದಳು. ಕೆಳಗೂ ಉಜ್ಜಿದಳು. ಕಾಗದವೆಲ್ಲ ಒಂದೇ ಸಮ ಬೂದು ಬಣ್ಣ. ಅದನ್ನು ಎತ್ತಿ ಆತನ ಮುಖದ ಮುಂದೆ ಹಿಡಿದು ಹೇಳಿದಳು: "ನೋಡಿ ಯಜಮಾನ್ರೇ, ಬೋಳಾಗಿದೆ."

ಮೂವತ್ತು ವರ್ಷ ಲೋಕದ ಮೇಲೆ ಎಸೆದ ಮಾತು ಆ ಹೊತ್ತು ತಿರುಗಿ ಬಂದು ಕದಿರಪ್ಪನಿಗೇ ಬಡಿಯಿತು. ಪುಟ್ಟಿಯ ಡಬ್ಬ, ಇಸ್ಪೀಟೆಲೆ, ಆ ಉದ್ದದ ಮಧ್ಯಾಹ್ನಗಳು ಎಲ್ಲ ಒಟ್ಟಿಗೆ ನೆನಪಾದವು. ಗುಂಡಿಗಳ ಜೊತೆಗೆ ಆತ ತನ್ನ ಬೈಕಿನ ಹೆಸರನ್ನೇ ಮುಚ್ಚಿ ನುಣ್ಣಗೆ ಮಾಡಿದ್ದ.

ಶಿವಾನಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನಂಬರ್ ಇಲ್ದೆ ನಾನು ಸೈನ್ ಮಾಡೋಕಾಗಲ್ಲ. ಹದಿನೈದು ದಿನದಲ್ಲಿ ತೋರಿಸಿ, ಇಲ್ದಿದ್ರೆ ಗಾಡಿ ಗುಜರಿಗೇ. ಇನ್ನೊಂದು ವಿಷಯ, ಮಿಷಿನ್ ಹಾಕಿ ಉಜ್ಜಿಸಬೇಡಿ. ನಂಬರ್ ಸವೆದು ಹೋದ್ರೆ, ಯಾರೋ ಕದ್ದು ಅಳಿಸಿದಾರೆ ಅಂತ ನಾನು ಬರೀಬೇಕಾಗುತ್ತೆ" ಎಂದಳು.

ಆ ದಿನ ಹುಣಸೆಮರದ ಕೆಳಗೆ ಚೀಲ ಬಿಚ್ಚಲಿಲ್ಲ. ನಂಬರು ಸಿಗುವವರೆಗೆ ಒಂದು ಮಣಿಯನ್ನೂ ಕಟ್ಟುವುದಿಲ್ಲವೆಂದು ಕದಿರಪ್ಪ ಶಪಥ ಮಾಡಿದ. ಬೋಳು ಬೈಕಿನಲ್ಲಿ ಕೂತು ನಾವಿಬ್ಬರೂ ವಕ್ಕಲೇರಿಗೆ ಬಂದೆವು, ಸದ್ದಿಲ್ಲ, ಕನ್ನಡಿಯಿಲ್ಲ. ಮೊಟ್ಟಮೊದಲ ಬಾರಿಗೆ ನನಗೆ ಆ ದಾರಿಯ ಹಿಪ್ಪುನೇರಳೆ ತೋಟಗಳು ಕಂಡವು.

ಆಮೇಲಿನ ದಿನಗಳು ಕಷ್ಟದವು. ಹಳ್ಳಿಗೆ ಹೋದರೆ ಯಾರೂ ಹಸು ತಂದು ಕಟ್ಟುವುದಿಲ್ಲ, ಸದ್ದಿಲ್ಲದೆ ಬಂದವನನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಹುತ್ತೂರಿನ ಕಡೆ ಒಬ್ಬ ಮುದುಕಿ ಹಸುವನ್ನು ಹಿಡಿದುಕೊಂಡು ರಸ್ತೆಯಲ್ಲೇ ನಿಂತಿದ್ದಾಳೆ. ಕದಿರಪ್ಪ ಅವಳ ಮುಂದೆಯೇ ಬೈಕು ನಿಲ್ಲಿಸಿದ್ದಾನೆ.

"ಸ್ವಲ್ಪ ಆ ಕಡೆ ನಿಲ್ಲಪ್ಪ, ಸೂಜಿ ಕದಿರಪ್ಪ ಬರೋ ಹೊತ್ತು" ಎಂದಳಂತೆ.

"ನಾನೇ ಕಣಮ್ಮಾ."

ಮುದುಕಿ ಬೈಕನ್ನು ನೋಡಿದಳು, ಆತನನ್ನು ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ನನ್ನಪ್ಪ. ಮನೇಲಿ ಯಾರು ಹೋದ್ರು?"

ಮಾಲೂರಿನಲ್ಲಿ ಸಂಸಾರ ಮಾಡಿಕೊಂಡಿರುವ ಮಗಳು ಪವಿತ್ರ ಫೋನು ಮಾಡಿ, "ಅಪ್ಪಾ, ಆ ಜಾತ್ರೆ ಸಾಕು ಬಿಡು. ನಿಂಗೊಂದು ಕರೆಂಟ್ ಸ್ಕೂಟರ್ ಕೊಡಿಸ್ತೀನಿ" ಎಂದಳು. ಮಗಳ ಮಾತಿಗೆ ಹೋಗಿ ನೋಡಿಯೂ ಬಂದ. ಬಂದವನು ನಮ್ಮ ಮನೆಯ ಜಗಲಿಯ ಮೇಲೆ ಕೂತು ಹಳದಿ ಬಟ್ಟೆಯಲ್ಲಿ ತನ್ನ ಕನ್ನಡಕವನ್ನು ಎರಡು ಸಲ ಒರೆಸಿಕೊಂಡ.

"ಎಲ್ಲಾ ಪ್ಲಾಸ್ಟಿಕ್ಕು ಮೇಷ್ಟ್ರೇ. ಒಂದು ನಟ್ಟು ಬಿಗಿಯೋಕೂ ಜಾಗ ಇಲ್ಲ. ಹುಟ್ತಾನೇ ಬೋಳು, ಸಾಯೋವರ್ಗೂ ಬೋಳು."

ಹತ್ತನೆಯ ದಿನ ವೇಣುಗೋಪಾಲ ನೀರಿನ ಬಕೆಟ್ಟು, ನಾಲ್ಕೈದು ಬಗೆಯ ಸ್ಯಾಂಡ್ ಪೇಪರು ಹಿಡಿದು ವಕ್ಕಲೇರಿಗೆ ಬಂದ. ಕೈಯಲ್ಲೇ ಉಜ್ಜಬೇಕು, ಒಂದು ಕಡೆ ಮಾತ್ರ ಉಜ್ಜಬೇಕು. ಸುತ್ತಲೂ ಕೆರೆದರೆ ಕದ್ದ ಮಾಲಿನ ಕಳೆ ಬರುತ್ತದೆ. ಯಾವ ಕಡೆ ಎಂಬುದೇ ಪ್ರಶ್ನೆ. ಪುಟ್ಟಿ ಮೆತ್ತಿದ ಕದಿರಪ್ಪನಿಗೆ ನೆನಪಿಲ್ಲ, ಏಕೆಂದರೆ ಆತ ಆ ತಿಂಗಳು ಮುಚ್ಚಿದ ಗುಂಡಿಗಳು ನೂರಾರು. ಬಣ್ಣ ಬಳಿದ ವೇಣುಗೋಪಾಲನಿಗೆ ನೆನಪಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಅದು ಆಗಲೇ ಮಗುವಿನ ಕೆನ್ನೆಯಾಗಿತ್ತು. ನಾಲ್ಕು ಸಲ ಹುಣಸೆಮರದ ಕೆಳಗೆ ಚೀಲ ಕಾದ ನನ್ನನ್ನು ಯಾರೂ ಕೇಳಲಿಲ್ಲ. ಒಬ್ಬ ಎಡ ಎಂದ, ಒಬ್ಬ ಬಲ ಎಂದ, ಇಬ್ಬರೂ ಅದಲುಬದಲು ಮಾಡಿಕೊಂಡು ಮತ್ತೆ ವಾದಿಸಿದರು.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಭಾರತಮ್ಮ ತಲೆಯೆತ್ತದೆ ಹೇಳಿದಳು: "ಬಲಗಡೆ. ಕತ್ತಿಂದ ನಾಲ್ಕು ಬೆರಳು ಕೆಳಗೆ."

ಮೂವರೂ ತಿರುಗಿದೆವು. "ನಿಂಗೆಂಗೆ ಗೊತ್ತೇ?" ಎಂದ ಕದಿರಪ್ಪ.

"ವರ್ಷಾವರ್ಷ ಆಯುಧಪೂಜೆಗೆ ಕುಂಕುಮ ಇಡೋಳು ಯಾರು? ಮೇಲೆಲ್ಲ ನಿನ್ನ ನವಿಲು, ಗಿಳಿ, ಗರುಡ. ಒಂದು ಬೊಟ್ಟಿಗೆ ಜಾಗ ಎಲ್ಲಿ ಬಿಟ್ಟಿದ್ದೆ? ಅಲ್ಲೊಂದು ಕಡೆ ಬೆರಳಿಗೆ ಗರಗರ ಅಂತ ಸಿಗ್ತಿತ್ತು, ಕುಂಕುಮ ಚೆನ್ನಾಗಿ ನಿಲ್ತಿತ್ತು. ಯಾವಾಗ್ಲೂ ಅಲ್ಲೇ ಇಡ್ತಿದ್ದೆ. ಕೊರೋನಾ ವರ್ಷದಿಂದ ನುಣ್ಣಗಾಗಿ ಜಾರೋಕೆ ಶುರುವಾಯ್ತು."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನನ್ನನ್ನ ಯಾರು ಕೇಳಿದ್ರು?" ಎಂದು ಭಾರತಮ್ಮ ಇನ್ನೊಂದು ಹಿಡಿ ಅವರೆಕಾಯಿ ಮಡಿಲಿಗೆ ಎಳೆದುಕೊಂಡಳು.

ವೇಣುಗೋಪಾಲ ಬಲಗಡೆ, ಕತ್ತಿನಿಂದ ನಾಲ್ಕು ಬೆರಳು ಕೆಳಗೆ, ಕಾಗದವನ್ನು ನೀರಿಗದ್ದಿ ಉಜ್ಜತೊಡಗಿದ. ಮೊದಲು ಹೋದದ್ದು ಈ ವರ್ಷದ ಕಪ್ಪು. ಅದರಡಿ ಕೊರೋನಾ ವರ್ಷದ ಚಿನ್ನದ ಬಣ್ಣ, ಪುಟ್ಟಿ. ಅದರಡಿ ಮತ್ತೆ ಕಪ್ಪು. ಅದು ಹೋದಾಗ ನೇರಳೆ ಬಣ್ಣವೊಂದು ನಾಣ್ಯದಗಲ ಮೂಡಿತು.

"ನಿಲ್ಲು" ಎಂದ ಕದಿರಪ್ಪ. ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. "ಇದು ಪವಿತ್ರನ ಮದುವೆ ವರ್ಷದ್ದು. ಅವಳ ಧಾರೆ ಸೀರೆ ತುಂಡು ತಂದು ತೋರಿಸಿದ್ನಲ್ಲ, ಇದೇ ಬಣ್ಣ ಬರ್ಬೇಕು ಅಂತ."

"ಬಂತಲ್ಲಣ್ಣಾ" ಎಂದ ವೇಣುಗೋಪಾಲ, ಎಂಟು ವರ್ಷ ತಡವಾಗಿ ಬಂದ ಮೆಚ್ಚುಗೆ ಸ್ವೀಕರಿಸುವವನಂತೆ.

ಮತ್ತೆ ಒಂದು ಕಪ್ಪು. ಆಮೇಲೆ ಗಿಳಿಹಸಿರು. "ನಿಲ್ಲು. ಅನಸೂಯಮ್ಮನ ಹಸು ಅವಳಿ ಕರು ಹಾಕಿದ ವರ್ಷ. ಎರಡೂ ಹೆಣ್ಣು." ಮತ್ತೆ ಕಪ್ಪು, ಆಮೇಲೆ ನೀಲಿ. "ನಿಲ್ಲು. ಮೇಷ್ಟ್ರೇ, ಮುಳಬಾಗಿಲಿ‌ಗೆ ನಿಮ್ಗೆ ಹೆಣ್ಣು ನೋಡೋಕೆ ಹೋಗಿದ್ದು ಇದ್ರಲ್ಲೇ ಅಲ್ವಾ?" ಹೌದು, ಅದರಲ್ಲೇ. ಹುಡುಗಿ ಒಳಗಿನಿಂದ ಇಣುಕಿ ಮೊದಲು ನೋಡಿದ್ದು ಬೈಕನ್ನಂತೆ. ನನ್ನನ್ನು ಒಪ್ಪಿದ್ದು ಯಾವ ಭ್ರಮೆಯಲ್ಲಿ ಎಂದು ನಾನು ಇವತ್ತಿನವರೆಗೂ ವಿಚಾರಿಸಿಲ್ಲ.

"ಅಣ್ಣಾ, ಬಣ್ಣಕ್ಕೊಂದು ಸಲ ನಿಲ್ಲಿಸಿದ್ರೆ ಸಂಕ್ರಾಂತಿ ಬಂದ್ಬಿಡುತ್ತೆ" ಎಂದ ವೇಣುಗೋಪಾಲ. ಲೋಕದಲ್ಲಿ ಆತ ಅವಸರ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಭಾರತಮ್ಮ ಸುಲಿಯುವುದನ್ನು ಬಿಟ್ಟು ಬಂದು ನಿಂತಿದ್ದಳು. ನೀಲಿಯ ಕೆಳಗಿನಿಂದ ಕೆಂಪು ಬಂದಾಗ ಕದಿರಪ್ಪ ನಿಲ್ಲು ಎನ್ನಲಿಲ್ಲ. ಅವಳೇ ಎಂದಳು. ಆ ಕೆಂಪಿನ ವರ್ಷ ಅವರಿಬ್ಬರದು.

ಕೆಂಪಿನ ಕೆಳಗೆ ಕೊನೆಯ ಕಪ್ಪು ಬಂತು. ಐದು ವರ್ಷಕ್ಕೊಮ್ಮೆ ಸರ್ಕಾರಕ್ಕಾಗಿ ಎಳೆದ ಕಪ್ಪುಗಳಿಗಿಂತ ಇದು ಬೇರೆ; ಒಳಗೆ ದೀಪ ಹಚ್ಚಿಟ್ಟಂತೆ ಹೊಳೆಯುತ್ತಿತ್ತು. ಅದರ ಮೈಯಲ್ಲಿ, ಸುಣ್ಣದಲ್ಲಿ ಬರೆದ ಹಾಗೆ, ಪುಟ್ಟಿ ತುಂಬಿದ ಅಂಕಿಗಳ ಸಾಲು. ಭಾರತಮ್ಮ ತನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೊಟ್ಟಳು. ವೇಣುಗೋಪಾಲ ಒಂದೊಂದೇ ಅಂಕಿಯ ಪುಟ್ಟಿ ಕೆದಕಿ ತೆಗೆದ, ಕದಿರಪ್ಪ ಒಂದೊಂದನ್ನೇ ಗಟ್ಟಿಯಾಗಿ ಓದಿದ. ಕೊನೆಯ ಅಂಕಿ ಓದಿದ ಮೇಲೆ ಅದರ ಮೇಲೆ ಹೆಬ್ಬೆರಳು ಆಡಿಸಿದ.

"ಎಷ್ಟು ಚೆನ್ನಾಗಿ ಕೆತ್ತವ್ರೆ" ಎಂದ. "ನಾನು ಗುಂಡಿ ಅಂದ್ಕೊಂಡ್ನಲ್ಲ."

ಹದಿಮೂರನೆಯ ದಿನ ಮತ್ತೆ ಆಫೀಸಿಗೆ ಹೋದೆವು. ಈ ಸಲ ಗೋಣಿಚೀಲವನ್ನು ಮರದ ಕೆಳಗೆ ದೇವರಿಗೆ ಒಪ್ಪಿಸಿ ನಾನೂ ಒಳಗೆ ಹೋದೆ. ಶಿವಾನಿ ಕಾಗದವಿಟ್ಟು ಪೆನ್ಸಿಲ್ಲು ಆಡಿಸಿದಳು. ಬೂದು ಬಣ್ಣದ ನಡುವೆ ಅಂಕಿಗಳು ಒಂದರ ಹಿಂದೊಂದು ಬಿಳಿಯಾಗಿ ಎದ್ದು ಬಂದವು. ಕದಿರಪ್ಪ ಕ್ಯಾಲೆಂಡರಿನ ಕಡೆ ತಿರುಗಲಿಲ್ಲ. ಪರೀಕ್ಷೆಯ ಫಲಿತಾಂಶ ಓದುವವನಂತೆ ಬಗ್ಗಿ ನೋಡುತ್ತಿದ್ದ. ಅವಳು ಕಾಗದವನ್ನು ದಾಖಲೆಯ ಜೊತೆ ಹೋಲಿಸಿ ಸಹಿ ಮಾಡಿದಳು, ಆಮೇಲೆ, ನಂಬರಿನ ಸುತ್ತ ಉಂಗುರ ಉಂಗುರವಾಗಿ ಉಳಿದಿದ್ದ ಕೆಂಪು, ನೀಲಿ, ಹಸಿರು, ನೇರಳೆಯ ಅಂಚುಗಳನ್ನು ಬೆರಳಿನಿಂದ ತೋರಿಸಿ ಕೇಳಿದಳು: "ಏನ್ರೀ ಇದು ಇಷ್ಟೊಂದು?"

"ಮೂವತ್ತು ವರ್ಷ ಮೇಡಂ" ಎಂದ ಕದಿರಪ್ಪ.

ಅವಳು ನಕ್ಕಳೋ ಇಲ್ಲವೋ ತಿಳಿಯಲಿಲ್ಲ, ಫೈಲು ಅಡ್ಡವಿತ್ತು. "ಇದರ ಮೇಲೆ ಮಾತ್ರ ಇನ್ನೇನೂ ಬಳೀಬೇಡಿ" ಎಂದಷ್ಟೇ ಅಂದಳು.

ಹುಣಸೆಮರದ ಕೆಳಗೆ ಚೀಲ ಬಿಚ್ಚಿದೆವು. ಗರುಡ ನೆತ್ತಿಗೇರಿತು, ಏಳು ಕನ್ನಡಿಗಳು ಏಳು ದಿಕ್ಕು ನೋಡಿದವು, ಮಣಿಗಳು ಕಡ್ಡಿಗೆ ಸೇರಿದವು, ರಾಮಚಂದ್ರಪ್ಪನ ಟ್ಯಾಂಕು ಇಳಿದು ನವಿಲುಗಳು ಏರಿದವು. ಕದಿರಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಎಡಗಣ್ಣು ಅರ್ಧ ಮುಚ್ಚಿ, ನಿಂತು ನೋಡಿದ. ಎಲ್ಲ ಇದ್ದವು, ಹ್ಯಾಂಡಲ್ಲಿನ ಕೆಳಗೆ ಬಲಕ್ಕೆ, ಮೂರು ಬೆರಳಗಲದ ಕಪ್ಪು ಕಬ್ಬಿಣವೊಂದು ಹಾಗೆಯೇ ಉಳಿದಿತ್ತು. ಬದುಕಿನಲ್ಲಿ ಒಂದು ಸಲವಾದರೂ ಆ ಮಾತನ್ನು ಆತನಿಗೇ ಹೇಳುವ ಅವಕಾಶ ಬಿಡಬಾರದೆಂದು ನಾನು ಅಂದೆ: "ಕದಿರಣ್ಣ, ಅಲ್ಲೊಂದು ಕಡೆ ಬೋಳಾಗೈತಲ್ಲಾ."

ಆತ ಹಳದಿ ಬಟ್ಟೆ ತೆಗೆದು ಆ ಜಾಗವನ್ನು ಒರೆಸಿ, ತುಕ್ಕು ಹಿಡಿಯದಿರಲೆಂದು ಒಂದು ತೊಟ್ಟು ಎಣ್ಣೆ ಸವರಿದ.

"ಇರ್ಲಿ ಬಿಡಿ ಮೇಷ್ಟ್ರೇ. ಅವಳು ಬೊಟ್ಟಿಡೋ ಜಾಗ."

ಇಂಥವರು ಹಿಂದೆ ನಮ್ಮ ಸೀಮೆಯಲ್ಲಿ ಊರಿಗೊಬ್ಬರಾದರೂ ಇದ್ದರು. ರೇಡಿಯೋಗೆ ಕಸೂತಿಯ ಗೌನು ತೊಡಿಸುವವರು, ಟ್ರಂಕಿನ ಮೇಲೆ ಹೂಕುಂಡ ಬರೆಸುವವರು, ನೀರೆತ್ತುವ ಮೋಟಾರಿಗೆ ತೋರಣ ಕಟ್ಟುವವರು. ದೇವರು ಈ ಲೋಕವನ್ನು ಕಾರ್ಖಾನೆಯಿಂದ ಅವಸರದಲ್ಲಿ ಅರ್ಧಕ್ಕೇ ಕಳಿಸಿಬಿಟ್ಟಿದ್ದಾನೆ, ಉಳಿದರ್ಧ ತಮ್ಮ ಪಾಲಿನ ಕೆಲಸ ಎಂದು ಬಲವಾಗಿ ನಂಬಿದ ಜನ ಅವರು. ಈಗ ವಸ್ತುಗಳೆಲ್ಲ ಮುಗಿದೇ ಬರುತ್ತವೆ. ಒಂದು ನಟ್ಟು ಬಿಗಿಯಲೂ ಜಾಗವಿಲ್ಲದಷ್ಟು ಮುಗಿದು ಬರುತ್ತವೆ. ಆ ಜನಕ್ಕೆ ಕೈಗೆ ಕೆಲಸವಿಲ್ಲ. ಅವರನ್ನು ಆಡಂಬರದವರೆಂದು ನಗುವುದು ಸುಲಭ, ನಾನೇ ಬೇಕಾದಷ್ಟು ನಕ್ಕಿದ್ದೇನೆ. ಆದರೆ ಪದರ ಪದರ ಬಳಿದುಕೊಂಡವರ ಅಡಿಯಲ್ಲೂ ಮೊದಲ ದಿನದ ಹೊಳಪಿನ ಕಪ್ಪೊಂದು ಇರುತ್ತದೆ, ಅದರಲ್ಲಿ ಅವರ ನಿಜವಾದ ನಂಬರು ಕೆತ್ತಿರುತ್ತದೆ. ಅದು ಎಲ್ಲಿದೆಯೆಂದು ಅವರಿಗೆ ತಿಳಿದಿರುವುದಿಲ್ಲ. ವರ್ಷಾವರ್ಷ ಅಲ್ಲಿಗೇ ಬೆರಳು ಮುಟ್ಟಿಸಿ ಸುಮ್ಮನೆ ಅವರೆಕಾಯಿ ಸುಲಿಯುವ ಇನ್ನೊಬ್ಬರಿಗೆ ತಿಳಿದಿರುತ್ತದೆ.